ಮಗನ ಮೇಲೆ ದೂರು ಬಂದಿದೆ, ನಾವೇನು ಮಾಡಬೇಕು?

ಪ್ರಶ್ನೆ: ನಮ್ಮ ಮೂಲ ಕುಂದಾಪುರದ ಕಡೆ. ಇಪ್ಪತ್ತೆರಡು ವರ್ಷಗಳಿಂದ ಡೊಂಬಿವಲಿಯಲ್ಲಿದ್ದೇವೆ. ಮಗ ಪುಣೆಯ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಎರಡನೇ ವರ್ಷ ಓದುತ್ತಿದ್ದಾನೆ, ಹಾಸ್ಟೆಲಿನಲ್ಲಿದ್ದಾನೆ. ಮೊನ್ನೆ ಅವನಿಗೆ ಕಾಲೇಜಿನಿಂದ ಇ-ಮೇಲ್ ಬಂದಿದೆ. ಲೈಂಗಿಕ ಕಿರುಕುಳದ ದೂರು ಬಂದಿದೆ, ಬರುವ ಗುರುವಾರ ಆಂತರಿಕ ಸಮಿತಿಯ ಮುಂದೆ ಹಾಜರಾಗಬೇಕು ಎಂದಷ್ಟೇ ಅದರಲ್ಲಿದೆ. ದೂರಿನಲ್ಲಿ ಏನಿದೆ ಎಂಬುದು ಇಲ್ಲ. ಹುಡುಗಿ ಅವನ ತರಗತಿಯವಳೇ. ಕಾಲೇಜು ಉತ್ಸವದ ರಾತ್ರಿಯ ವಿಷಯವಂತೆ. ಹಾಸ್ಟೆಲಿನಲ್ಲಿ ಯಾರೂ ಇವನನ್ನು ಮಾತನಾಡಿಸುತ್ತಿಲ್ಲ, ಊಟ ಬಿಟ್ಟಿದ್ದಾನೆ. ನಮ್ಮ ಯಜಮಾನರ ಸ್ನೇಹಿತರೊಬ್ಬರಿಗೆ ಹುಡುಗಿಯ ಮನೆಯವರ ಪರಿಚಯವಿದೆ. ಹೋಗಿ ಮಾತನಾಡಿ ದೂರನ್ನು ಹಿಂದೆ ತೆಗೆಸುತ್ತೇನೆ ಎನ್ನುತ್ತಾರೆ. ಹೋಗಲಿ ಎನ್ನಬಹುದೇ? ವಕೀಲರನ್ನು ಕರೆದುಕೊಂಡು ಹೋಗಬಹುದೇ? ಅವನನ್ನು ಕೇಳಿದರೆ ‘ನಾನು ಅಂಥದ್ದೇನೂ ಮಾಡಿಲ್ಲಮ್ಮ’ ಎನ್ನುತ್ತಾನೆ. ನಂಬಲೋ ಬಿಡಲೋ ತಿಳಿಯದೆ ರಾತ್ರಿ ನಿದ್ದೆ ಇಲ್ಲ.

ಉತ್ತರ: ಅಮ್ಮ, ಈ ಉತ್ತರವನ್ನು ನಿಮಗೆ ಮೊದಲೇ ಇ-ಮೇಲಿನಲ್ಲಿ ಕಳಿಸಿದ್ದೇನೆ. ಗುರುತು ಸಿಗುವ ವಿವರಗಳನ್ನು ಬದಲಿಸಿ, ನಿಮ್ಮ ಒಪ್ಪಿಗೆ ಪಡೆದು ಇಲ್ಲಿಯೂ ಕೊಡುತ್ತಿದ್ದೇನೆ. ಮುಂಬೈ ಮತ್ತು ಪುಣೆಯ ಕೆಲವು ಕಾಲೇಜುಗಳ ಆಂತರಿಕ ಸಮಿತಿಗಳಲ್ಲಿ ಹೊರಗಿನ ಸದಸ್ಯೆಯಾಗಿ ಹತ್ತಾರು ವಿಚಾರಣೆಗಳಲ್ಲಿ ಕೂತಿದ್ದೇನೆ. ದೂರು ಕೊಡುವ ಹುಡುಗಿಯರಿಗೆ ಸಿಗುವ ಆಸರೆ ಇಂದಿಗೂ ಸಾಲದು, ಅದನ್ನು ಕಣ್ಣಾರೆ ಕಂಡಿದ್ದೇನೆ. ದೂರಿಗೆ ಗುರಿಯಾದ ಹುಡುಗನ ಮನೆಯ ಕಷ್ಟ ಬೇರೆ ತರಹದ್ದು. ನಾಚಿಕೆಗೆ ಬಾಯಿ ಕಟ್ಟಿಹೋಗಿರುತ್ತದೆ, ಬಲ್ಲವರನ್ನು ಕೇಳಲು ಮುಖವಿರುವುದಿಲ್ಲ. ಆ ಗಾಬರಿಯಲ್ಲಿ ಮನೆಯವರು ಕೈಹಾಕುವ ಕೆಲಸಗಳಿಂದ ಮಗನಿಗೂ ಕೆಡುಕು, ಆ ಹುಡುಗಿಗೂ ಕೆಡುಕು.

ಮೊದಲು, ಊಟ ಬಿಟ್ಟಿದ್ದಾನೆ ಎಂಬ ಮಾತು. ನಾಳೆ ಬೆಳಿಗ್ಗೆ ಕಲ್ಯಾಣದಲ್ಲಿ ರೈಲು ಹತ್ತಿ ನೀವೋ ನಿಮ್ಮ ಯಜಮಾನರೋ ಪುಣೆಗೆ ಹೋಗಿ. ಗುರುವಾರದವರೆಗೆ ಅವನು ಹಾಸ್ಟೆಲ್ ಕೋಣೆಯಲ್ಲಿ ಒಬ್ಬನೇ ಇರುವುದು ಬೇಡ. ಸಂಬಂಧಿಕರ ಮನೆಯಾದರೂ ಸರಿ, ಲಾಡ್ಜಾದರೂ ಸರಿ, ಪಕ್ಕದಲ್ಲಿ ಮನೆಯವರಿರಲಿ. ‘ಸಾಯಬೇಕು ಅನ್ನಿಸುತ್ತಿದೆಯಾ?’ ಎಂದು ನೇರವಾಗಿ ಕೇಳಿ. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬ ಭಯ ಬೇಡ, ಕೇಳಿದಾಗಲೇ ಎಷ್ಟೋ ಮಕ್ಕಳು ಬಾಯಿ ಬಿಡುತ್ತಾರೆ. ಹೌದು ಎಂದರೆ ಅಂದೇ ಮನೋವೈದ್ಯರ ಬಳಿಗೆ ಕರೆದೊಯ್ಯಿರಿ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೂ ಮಾತನಾಡಬಹುದು. ಮುಂಬೈಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆ ನಡೆಸುವ ಐಕಾಲ್ ಎಂಬ ಆಪ್ತಸಲಹೆಯ ಸೇವೆಯೂ ಇದೆ. ಕಾಲೇಜಿನಲ್ಲಿ ಆಪ್ತಸಲಹೆಗಾರರಿದ್ದರೆ ಅವರ ಬಾಗಿಲು ನಿಮ್ಮ ಮಗನಿಗೂ ತೆರೆದಿರಬೇಕು. ದೂರು ಕೊಟ್ಟವಳಿಗೆ ಒಬ್ಬರು, ಇವನಿಗೆ ಬೇರೊಬ್ಬರು ಎಂದು ಏರ್ಪಾಡು ಮಾಡುವಂತೆ ಕೇಳಿ.

ಇನ್ನು ನಿಮ್ಮ ಯಜಮಾನರ ಸ್ನೇಹಿತರು. ದಯವಿಟ್ಟು ಅವರನ್ನು ಈ ರಾತ್ರಿಯೇ ತಡೆಯಿರಿ. ಊರಿನಲ್ಲಿ ಗದ್ದೆಯ ಅಂಚಿನ ಜಗಳವನ್ನು ಹಿರಿಯರು ಕೂತು ಮುಗಿಸುತ್ತಿದ್ದರು. ಆ ಅಭ್ಯಾಸದಿಂದಲೇ ಅವರು ಒಳ್ಳೆಯ ಮನಸ್ಸಿನಲ್ಲಿ ಹೇಳುತ್ತಿರಬಹುದು. ಆದರೆ ದೂರು ಕೊಟ್ಟ ಹುಡುಗಿಯ ಮನೆಯ ಬಾಗಿಲಿಗೆ ಆರೋಪಿತನ ಕಡೆಯವರು ಹೋದರೆ ಅದು ಒತ್ತಡ. ಅವರು ಎಷ್ಟೇ ಕೈಮುಗಿದು ಮಾತನಾಡಿದರೂ ಒತ್ತಡವೇ. ಮೊದಲನೆಯ ದೂರಿನ ಜೊತೆಗೆ ಎರಡನೆಯದು ಸೇರುತ್ತದೆ, ಸಾಕ್ಷಿಯನ್ನು ಬೆದರಿಸಿದರೆಂದು. ಇದಕ್ಕಿಂತ ಮುಖ್ಯವಾದ ಮಾತು, ಆ ಹುಡುಗಿ ತನಗೆ ಆದದ್ದನ್ನು ಹೇಳಲು ಧೈರ್ಯ ಮಾಡಿ ಒಂದು ಕಚೇರಿಯ ಮೆಟ್ಟಿಲು ಹತ್ತಿದ್ದಾಳೆ. ಅವಳ ತಂದೆತಾಯಿಗೆ ವಿಷಯ ಗೊತ್ತೇ ಇಲ್ಲದಿರಬಹುದು. ಪರಿಚಯದವರೊಬ್ಬರು ಅವರ ಮನೆಯ ಸೋಫಾದ ಮೇಲೆ ಕೂತು ಚಹಾ ಕುಡಿಯುತ್ತಾ ಅದನ್ನು ಬಿಚ್ಚಿದರೆ ಅವಳ ಓದು ಅಲ್ಲಿಗೇ ನಿಲ್ಲಬಹುದು. ರಾಜಿ ಎಂಬುದು ಈ ವ್ಯವಸ್ಥೆಯ ಒಳಗೇ ಇದೆ. ಅದನ್ನು ದೂರು ಕೊಟ್ಟವರೇ ಸಮಿತಿಯ ಮುಂದೆ ಕೇಳಬೇಕು, ಹಣದ ಮೇಲೆ ಅದು ನಡೆಯುವಂತಿಲ್ಲ. ನಿಮ್ಮ ಕಡೆಯಿಂದ ಯಾರೂ ಅದನ್ನು ಹೊರಗೆ ಹುಟ್ಟಿಸಬೇಡಿ. ಮಗನೂ ಅವಳಿಗೆ ಸಂದೇಶ ಕಳಿಸಬಾರದು. ‘ಸಾರಿ’ ಎಂಬ ಒಂದು ಮಾತು ಕೂಡ ಬೇಡ. ಗೆಳತಿಯರ ಮೂಲಕ ಹೇಳಿಸುವುದೂ ಬೇಡ, ಗುಂಪಿನಲ್ಲಿ ಅವಳ ಬಗ್ಗೆ ಬರೆಯುವುದೂ ಬೇಡ.

ಈಗ ಆ ಇ-ಮೇಲಿಗೆ ಬರೋಣ. ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಇಂಥ ದೂರುಗಳನ್ನು ಹೇಗೆ ನಡೆಸಬೇಕೆಂದು ವಿಶ್ವವಿದ್ಯಾಲಯ ಅನುದಾನ ಆಯೋಗದ, ಅಂದರೆ ಯುಜಿಸಿಯ, 2015ರ ನಿಯಮಗಳಲ್ಲಿ ಬರೆದಿದೆ. ಅವು ಜಾರಿಗೆ ಬಂದದ್ದು 2016ರಲ್ಲಿ. ಅದರ ಹಿಂದೆ 2013ರ ಲೈಂಗಿಕ ಕಿರುಕುಳ ತಡೆ ಕಾನೂನಿದೆ, ಅದಕ್ಕೂ ಹಿಂದೆ ಕೆಲಸದ ಜಾಗದ ಲೈಂಗಿಕ ಕಿರುಕುಳದ ಬಗ್ಗೆ ಸುಪ್ರೀಂ ಕೋರ್ಟ್ ಕೊಟ್ಟ 1997ರ ವಿಶಾಖಾ ತೀರ್ಪಿದೆ. ನಿಯಮ ಸ್ಪಷ್ಟವಾಗಿದೆ. ದೂರು ಸಮಿತಿಯ ಕೈಸೇರಿದ ಏಳು ದಿನಗಳೊಳಗೆ ಅದರ ಒಂದು ಪ್ರತಿಯನ್ನು ಪ್ರತಿವಾದಿಗೆ ಕೊಡಬೇಕು. ಪ್ರತಿ ಸಿಕ್ಕ ಮೇಲೆ ಉತ್ತರ, ದಾಖಲೆಗಳ ಪಟ್ಟಿ, ಸಾಕ್ಷಿಗಳ ಹೆಸರು ಕೊಡಲು ಅವನಿಗೆ ಹತ್ತು ದಿನಗಳಿವೆ. ಏನು ಆರೋಪ ಎಂದು ಹೇಳದೆ ‘ಬಂದು ಉತ್ತರ ಕೊಡು’ ಎನ್ನುವುದು ನಿಯಮಕ್ಕೆ ವಿರುದ್ಧ. ಸಮಿತಿಯವರು ಕೇಡಿನ ಮನಸ್ಸಿನಿಂದ ಹೀಗೆ ಮಾಡುತ್ತಾರೆಂದು ನಾನು ಹೇಳಲಾರೆ. ಹೆಚ್ಚಿನ ಕಡೆ ಪಾಠದ ನಡುವೆ ಸಿಕ್ಕ ಬಿಡುವಿನಲ್ಲಿ, ತರಬೇತಿಯಿಲ್ಲದೆ ಈ ಕೆಲಸ ಹೊತ್ತ ಅಧ್ಯಾಪಕಿಯರಿರುತ್ತಾರೆ. ಕೇಳಿದರೆ ಕೊಡುತ್ತಾರೆ. ಆದ್ದರಿಂದ ಮಗ ತನ್ನ ಹೆಸರಿನಲ್ಲಿ ಇಷ್ಟು ಬರೆಯಲಿ:

‘ನಿಮ್ಮ ನೋಟಿಸು ತಲುಪಿದೆ. ವಿಚಾರಣೆಗೆ ಪೂರ್ಣವಾಗಿ ಸಹಕರಿಸುತ್ತೇನೆ, ಗುರುವಾರ ಹಾಜರಾಗುತ್ತೇನೆ. ದೂರಿನ ಪ್ರತಿ ನನಗೆ ಇನ್ನೂ ಸಿಕ್ಕಿಲ್ಲ. ಯುಜಿಸಿ ನಿಯಮಗಳಂತೆ ಪ್ರತಿಯನ್ನೂ, ಅದು ಸಿಕ್ಕ ದಿನದಿಂದ ಲಿಖಿತ ಉತ್ತರಕ್ಕೆ ಹತ್ತು ದಿನಗಳನ್ನೂ ಕೊಡಬೇಕೆಂದು ಕೋರುತ್ತೇನೆ. ದೂರು ಕೊಟ್ಟವರನ್ನು ಯಾವ ರೀತಿಯಲ್ಲೂ ಸಂಪರ್ಕಿಸುವುದಿಲ್ಲ.’

ಇದಕ್ಕಿಂತ ಉದ್ದ ಬೇಡ. ಗುರುವಾರ ಹೋಗಲೇಬೇಕು. ಪ್ರತಿ ಸಿಕ್ಕಿಲ್ಲವೆಂದು ಮನೆಯಲ್ಲಿ ಕೂತರೆ, ಮೂರು ಸಲ ಸತತವಾಗಿ ಗೈರಾದ ಮೇಲೆ ಅವನಿಲ್ಲದೆಯೇ ವಿಚಾರಣೆ ಮುಗಿಸಲು ಸಮಿತಿಗೆ ದಾರಿಯಿದೆ.

ವಕೀಲರ ವಿಷಯ. 2013ರ ಕಾನೂನಿನ ನಿಯಮಗಳಂತೆ ಸಮಿತಿಯ ಮುಂದೆ ಎರಡೂ ಕಡೆಯವರ ಪರವಾಗಿ ವಕೀಲರು ನಿಲ್ಲುವಂತಿಲ್ಲ. ಇದು ಅವಳಿಗೂ ಅನ್ವಯಿಸುತ್ತದೆ. ಆದರೆ ಹೊರಗೆ ವಕೀಲರ ಸಲಹೆ ಪಡೆಯುವುದಕ್ಕೆ ಯಾರ ಅಡ್ಡಿಯೂ ಇಲ್ಲ, ಪಡೆಯಲೇಬೇಕು. ಕಾಲೇಜಿನ ವಿಚಾರಣೆ ಒಂದು, ಪೊಲೀಸ್ ಪ್ರಕರಣ ಇನ್ನೊಂದು. ಹುಡುಗಿ ಪೊಲೀಸರ ಬಳಿಗೂ ಹೋಗಬಹುದು, ಅದು ಅವಳ ಹಕ್ಕು. ಮುಟ್ಟಿದ್ದು, ಹಿಂಬಾಲಿಸಿದ್ದು, ಅಶ್ಲೀಲ ಮಾತು ಆಡಿದ್ದು ಇವೆಲ್ಲ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 74, 75, 78ನೇ ಸೆಕ್ಷನ್‌ಗಳ ವ್ಯಾಪ್ತಿಗೆ ಬರುತ್ತವೆ. ಸಮಿತಿಗೆ ಬರೆದುಕೊಟ್ಟ ಉತ್ತರ ಮುಂದೆ ಅಲ್ಲಿಯೂ ಓದಲ್ಪಡಬಹುದು. ಆದ್ದರಿಂದ ಕ್ರಿಮಿನಲ್ ಪ್ರಕರಣ ನಡೆಸಿ ಅನುಭವವಿರುವ ವಕೀಲರೊಬ್ಬರು ಅದನ್ನು ಒಮ್ಮೆ ನೋಡಿರಬೇಕು. ಇನ್ನೊಂದು ಮಾತನ್ನು ಬೇರೆ ತಂದೆತಾಯಿಯರಿಗಾಗಿ ಸೇರಿಸುತ್ತೇನೆ. ಮೊದಲ ವರ್ಷದ ಹುಡುಗಿಯರಲ್ಲಿ ಎಷ್ಟೋ ಜನರಿಗೆ ಇನ್ನೂ ಹದಿನೆಂಟು ತುಂಬಿರುವುದಿಲ್ಲ. ಹಾಗಿದ್ದರೆ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ ಪೋಕ್ಸೊ ಕಾನೂನು ಬರುತ್ತದೆ, ವಿಷಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕಾಗುತ್ತದೆ, ಒಪ್ಪಿಗೆಯಿತ್ತು ಎಂಬ ಮಾತು ಅಲ್ಲಿ ನಡೆಯುವುದಿಲ್ಲ.

ಲಿಖಿತ ಉತ್ತರದ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಹೆಚ್ಚಿನ ಮನೆಗಳು ಎಡವುವುದು ಇಲ್ಲೇ. ಒಮ್ಮೆ ನಮ್ಮ ಸಮಿತಿಗೆ ಹನ್ನೊಂದು ಪುಟದ ಉತ್ತರ ಬಂತು. ಹುಡುಗನ ಸೋದರಮಾವ ಬರೆದದ್ದು. ಅದರಲ್ಲಿ ಹತ್ತನೇ ತರಗತಿಯ ಅಂಕಗಳಿದ್ದವು, ಮೃದಂಗ ಪರೀಕ್ಷೆಯ ಪ್ರಮಾಣಪತ್ರವಿತ್ತು, ಅಜ್ಜ ದೇವಸ್ಥಾನದ ಮೊಕ್ತೇಸರರು ಎಂಬ ವಿವರವಿತ್ತು. ಆಮೇಲಿನ ನಾಲ್ಕು ಪುಟ ಆ ಹುಡುಗಿ ಎಷ್ಟು ಹೊತ್ತಿಗೆ ಹಾಸ್ಟೆಲಿಗೆ ಮರಳುತ್ತಾಳೆ, ಯಾರ ಜೊತೆ ಓಡಾಡುತ್ತಾಳೆ ಎಂಬುದರ ಮೇಲೆ. ದೂರಿನಲ್ಲಿದ್ದದ್ದು ಒಂದೇ ಸಂಗತಿ: ಒಂದು ಸಂಜೆ ಪ್ರಯೋಗಾಲಯದ ಮೆಟ್ಟಿಲ ಬಳಿ ಅವನು ತೋಳು ಹಿಡಿದು ಎಳೆದ ಎಂದು. ಹನ್ನೊಂದು ಪುಟಗಳಲ್ಲಿ ಆ ಮೆಟ್ಟಿಲ ಸುದ್ದಿಯೇ ಇರಲಿಲ್ಲ. ನಮ್ಮ ಮುಂದೆ ಕೂತಾಗ ಹುಡುಗ ತಾನಾಗಿ ಹೇಳಿದ: ಅಲ್ಲಿ ಇದ್ದೆ, ಪುಸ್ತಕ ವಾಪಸು ಕೇಳಿದೆ, ಅವಳು ಹೊರಟಾಗ ತೋಳು ಹಿಡಿದೆ, ಅವಳು ಕೊಡವಿಕೊಂಡು ಹೋದಳು, ನಾನು ಹಿಂದೆ ಹೋಗಲಿಲ್ಲ. ವಿಚಾರಣೆ ಮುಂದೆ ಸಾಗಿದ್ದು ಆ ಐದು ಮಾತುಗಳ ಮೇಲೆ. ಮಾವನ ಹನ್ನೊಂದು ಪುಟ ಕಡತದಲ್ಲಿ ಉಳಿದು ಹುಡುಗನಿಗೆ ಕೆಟ್ಟ ಹೆಸರು ತಂದಿತು, ಅದನ್ನು ಓದಿದ ಹುಡುಗಿ ಎರಡು ದಿನ ತರಗತಿಗೆ ಬರಲಿಲ್ಲ.

ಆದ್ದರಿಂದ ದೂರಿನ ಪ್ರತಿ ಸಿಕ್ಕ ಮೇಲೆ ಒಂದು ನೋಟ್‌ಬುಕ್ ತೆಗೆದುಕೊಂಡು ಹಾಳೆಯ ನಡುವೆ ಗೆರೆ ಎಳೆಯಲು ಹೇಳಿ. ಎಡಕ್ಕೆ ದೂರಿನ ಒಂದೊಂದು ಸಾಲು, ಬಲಕ್ಕೆ ಅದಕ್ಕೆ ಅವನ ಉತ್ತರ. ಹೌದು, ಅಲ್ಲ, ನೆನಪಿಲ್ಲ. ಹೌದಾದರೆ ಎಷ್ಟು ಹೌದು, ಅಲ್ಲವಾದರೆ ಆ ಹೊತ್ತಿಗೆ ಎಲ್ಲಿದ್ದ, ಯಾರು ನೋಡಿದರು. ನೆನಪಿಲ್ಲದ್ದನ್ನು ನೆನಪಿಲ್ಲ ಎಂದೇ ಬರೆಯಲಿ. ಕುಡಿದಿದ್ದರೆ ಅದನ್ನು ವಕೀಲರಿಗೆ ಹೇಳಲಿ, ನಿಮಗೂ ಹೇಳಲಿ. ಫೋನಿನಿಂದ ಒಂದು ಅಕ್ಷರವನ್ನೂ ಅಳಿಸಬಾರದು. ತನಗೆ ಅನುಕೂಲವಾದ ಎರಡು ಸಂದೇಶಗಳನ್ನು ಮಾತ್ರ ಕತ್ತರಿಸಿ ಕೊಟ್ಟರೆ ಉಳಿದದ್ದು ಅವಳ ಫೋನಿನಲ್ಲಿ ಇದ್ದೇ ಇರುತ್ತದೆ. ಸಂಭಾಷಣೆಯನ್ನು ಮೊದಲಿನಿಂದ ಕೊನೆಯವರೆಗೆ, ದಿನಾಂಕ ಕಾಣುವಂತೆ ತೆಗೆದಿಡಲಿ. ಕಾರಿಡಾರಿನ ಕ್ಯಾಮೆರಾ ದೃಶ್ಯಗಳು ಬಹಳ ದಿನ ಉಳಿಯುವುದಿಲ್ಲ. ಅವನ್ನು ಕಾಪಾಡಿ ಇಡಬೇಕೆಂದು ಸಮಿತಿಗೆ ಈ ವಾರವೇ ಬರೆದು ಕೇಳಲಿ, ಅವು ಅವನಿಗೆ ಅನುಕೂಲವಾಗಲಿ ಆಗದಿರಲಿ.

ಹೇಳಿಕೆಗೆ ಸಹಿ ಹಾಕುವಾಗಿನ ಎಚ್ಚರ ಇನ್ನೊಂದು. ನಿಮ್ಮ ಮಗ ಡೊಂಬಿವಲಿಯಲ್ಲಿ ಬೆಳೆದವನು, ಮರಾಠಿ ಬಲ್ಲ. ಆದರೆ ಬೆಳಗಾವಿ, ವಿಜಯಪುರ, ಕಲಬುರಗಿಯಿಂದ ಪುಣೆಗೆ ಓದಲು ಬರುವ ಮಕ್ಕಳು ಬಹಳ. ಅಂಥ ಒಬ್ಬ ಹುಡುಗ ‘ದೂರನ್ನು ಓದಿದ್ದೇನೆ’ ಎಂದು ಹೇಳಿದ್ದ. ಗುಮಾಸ್ತರು ಮರಾಠಿಯಲ್ಲಿ ‘ತಕ್ರಾರ್ ಮಾನ್ಯ ಆಹೆ’ ಎಂದು ಬರೆದರು. ತಕರಾರು, ಮಾನ್ಯ ಎರಡೂ ಅವನಿಗೆ ಕನ್ನಡದಲ್ಲಿ ಗೊತ್ತಿರುವ ಪದಗಳು, ಧೈರ್ಯವಾಗಿ ಸಹಿ ಹಾಕಿದ. ಮರಾಠಿಯಲ್ಲಿ ಆ ಸಾಲಿನ ಅರ್ಥ ‘ದೂರು ಒಪ್ಪಿದ್ದೇನೆ’ ಎಂದು. ಅದನ್ನು ಸರಿಪಡಿಸಲು ಇನ್ನೊಂದು ಸಭೆಯೇ ಬೇಕಾಯಿತು. ತನಗೆ ಪೂರ್ತಿ ಬರುವ ಭಾಷೆಯಲ್ಲಿ ಓದಿಸಿಕೊಂಡು, ತಪ್ಪಿದ್ದಲ್ಲಿ ತಿದ್ದಿ, ತಿದ್ದಿದ ಜಾಗದಲ್ಲಿ ಸಹಿ ಮಾಡಿ, ಪ್ರತಿ ಪಡೆದೇ ಕೋಣೆಯಿಂದ ಎದ್ದು ಬರಬೇಕು.

ಸಮಿತಿಯಲ್ಲಿ ಯಾರಿದ್ದಾರೆಂದು ತಿಳಿದುಕೊಳ್ಳುವುದು ಅವನ ಹಕ್ಕು. ಹಿರಿಯ ಅಧ್ಯಾಪಕಿ ಅಧ್ಯಕ್ಷರಾಗಿರಬೇಕು, ಅರ್ಧದಷ್ಟಾದರೂ ಮಹಿಳೆಯರಿರಬೇಕು, ಹೊರಗಿನ ಒಬ್ಬ ಸದಸ್ಯರಿರಬೇಕು, ವಿದ್ಯಾರ್ಥಿಗಳ ವಿಷಯವಾದ್ದರಿಂದ ಮೂವರು ಚುನಾಯಿತ ವಿದ್ಯಾರ್ಥಿ ಸದಸ್ಯರೂ ಇರಬೇಕು. ಡೀನ್, ವಿಭಾಗ ಮುಖ್ಯಸ್ಥರಂಥ ಆಡಳಿತದ ಹುದ್ದೆಯವರು ಇರುವಂತಿಲ್ಲ. ಸದಸ್ಯರಲ್ಲಿ ಯಾರಾದರೂ ಅವಳ ಆಪ್ತರೋ ಇವನ ಜೊತೆ ಹಳೆಯ ಜಗಳವಿದ್ದವರೋ ಇದ್ದರೆ ಕಾರಣ ಬರೆದು ಅವರನ್ನು ಬಿಡುವಂತೆ ಕೋರಬಹುದು. ಅವಳನ್ನು ಎದುರಿಗೆ ನಿಲ್ಲಿಸಿ ಪ್ರಶ್ನಿಸಬೇಕು ಎಂಬ ಹಟ ಮಾತ್ರ ಬೇಡ. ರಾಂಚಿಯ ವೈದ್ಯಕೀಯ ಕಾಲೇಜಿನಲ್ಲಿ ರಾತ್ರಿ ಹುಡುಗಿಯರ ಹಾಸ್ಟೆಲಿಗೆ ನುಗ್ಗಿದ ಹುಡುಗರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1973ರಲ್ಲೇ ಹೇಳಿದೆ: ಹುಡುಗಿಯರ ಹೇಳಿಕೆಯನ್ನು ಆರೋಪಿತರ ಎದುರಿನಲ್ಲೇ ಪಡೆಯಬೇಕೆಂದಿಲ್ಲ, ಸಹಜ ನ್ಯಾಯಕ್ಕೆ, ಅಂದರೆ ಎರಡೂ ಕಡೆಯ ಮಾತು ಕೇಳಿ ಪಕ್ಷಪಾತವಿಲ್ಲದೆ ತೀರ್ಮಾನಿಸುವ ತತ್ವಕ್ಕೆ, ಎಲ್ಲ ಕಡೆಗೂ ಒಂದೇ ಅಚ್ಚು ಇಲ್ಲ. ಆದರೆ ಅವಳು ಏನು ಹೇಳಿದಳು ಎಂಬುದು ಇವನಿಗೆ ತಿಳಿಯಬೇಕು, ಅದಕ್ಕೆ ಉತ್ತರಿಸಲು ಅವಕಾಶ ಬೇಕು. ಪ್ರಶ್ನೆಗಳನ್ನು ಬರೆದು ಅಧ್ಯಕ್ಷರ ಕೈಗೆ ಕೊಟ್ಟರೆ ಅವರು ಅವಳನ್ನು ಕೇಳಿ ಉತ್ತರ ದಾಖಲಿಸುವ ಪದ್ಧತಿ ಇದೆ. ಪ್ರಶ್ನೆಗಳು ಘಟನೆಯ ಸುತ್ತಲೇ ಇರಲಿ. ಅವಳ ನಡತೆಯ ಬಗ್ಗೆ ಒಂದು ಪ್ರಶ್ನೆ ಬಂದರೂ ನಾನಾಗಿದ್ದರೆ ಆ ಚೀಟಿಯನ್ನು ಮಡಚಿ ಬದಿಗಿಡುತ್ತೇನೆ.

ನಿಮ್ಮ ಪತ್ರದಲ್ಲಿಲ್ಲದ ಒಂದು ಅಪಾಯ ಹೇಳುತ್ತೇನೆ. ಕೆಲವು ಕಾಲೇಜುಗಳಲ್ಲಿ ಯಾರಾದರೂ ಮೆಲ್ಲಗೆ ಬಂದು ‘ಟಿಸಿ ತೆಗೆದುಕೊಂಡು ಬೇರೆ ಕಡೆ ಸೇರಿಸಿಬಿಡಿ, ವಿಷಯ ಇಲ್ಲಿಗೇ ಮುಗಿಯಲಿ’ ಎನ್ನುತ್ತಾರೆ. ಕೇಳಲು ಹಗುರವಾದ ದಾರಿ. ಹಾಗೆ ಮಾಡಿದರೆ ಹುಡುಗಿಗೆ ಉತ್ತರ ಸಿಗುವುದಿಲ್ಲ, ನಿಮ್ಮ ಮಗನ ಮೇಲಿನ ಮಾತು ಎಂದೂ ತೀರ್ಮಾನವಾಗುವುದಿಲ್ಲ, ಉಳಿಯುವುದು ಕಾಲೇಜಿನ ಹೆಸರು ಮಾತ್ರ. ಒಪ್ಪಬೇಡಿ. ವಿಚಾರಣೆ ನಡೆಯುವಾಗ ಇವನ ಬ್ಯಾಚ್ ಬದಲಿಸಬಹುದು, ಅವಳಿಂದ ದೂರವಿರುವಂತೆ ತಾಕೀತು ಮಾಡಬಹುದು. ಅದು ಶಿಕ್ಷೆಯಲ್ಲ, ಮುನಿಸಿಕೊಳ್ಳದೆ ಪಾಲಿಸಲಿ. ಆದರೆ ಅದರಿಂದ ಪ್ರಾಯೋಗಿಕ ತರಗತಿಯೋ ಪರೀಕ್ಷೆಯೋ ತಪ್ಪುವಂತಿದ್ದರೆ ಬದಲಿ ವ್ಯವಸ್ಥೆ ಬರೆದು ಕೇಳಿ. ಹಾಜರಾತಿ ಕಡಿಮೆಯಾಗಿ ವರ್ಷ ಹೋದರೆ, ತೀರ್ಮಾನಕ್ಕೆ ಮೊದಲೇ ಶಿಕ್ಷೆಯಾದಂತೆ. ಇಬ್ಬರ ಹೆಸರೂ ಗುಟ್ಟಾಗಿರಬೇಕು ಎಂದು ನಿಯಮವಿದೆ. ಯಾರಾದರೂ ಅವನ ಫೋಟೊ ಹಾಕಿ ಜಾಲತಾಣದಲ್ಲಿ ಬರೆದಿದ್ದರೆ ತೆಗೆದಿಟ್ಟು ಸಮಿತಿಗೆ ಕೊಡಿ. ತಿರುಗಿ ಬರೆಯಬೇಡಿ.

ಇಷ್ಟೆಲ್ಲ ಕ್ರಮ ಏಕೆ, ಹುಡುಗಿಯ ಮಾತು ಸಾಲದೇ ಎಂದು ನನ್ನ ಗೆಳತಿಯರೇ ಕೇಳುವುದುಂಟು. ಅವರಿಗೆ ನಾನು ಗೋವಾದ ಪ್ರಕರಣ ಹೇಳುತ್ತೇನೆ. ಗೋವಾ ವಿಶ್ವವಿದ್ಯಾಲಯದ ಅಧ್ಯಾಪಕರೊಬ್ಬರ ಮೇಲೆ ವಿದ್ಯಾರ್ಥಿನಿಯರು 2009ರಲ್ಲಿ ದೂರು ಕೊಟ್ಟರು. ಸಮಿತಿ ಕೆಲವೇ ವಾರಗಳಲ್ಲಿ ಒಂದರ ಹಿಂದೆ ಒಂದು ಸಭೆ ನಡೆಸಿ, ಅವರಿಲ್ಲದೆಯೇ ವಿಚಾರಣೆ ಮುಗಿಸಿತು. ಅವರನ್ನು ಕೆಲಸದಿಂದ ವಜಾ ಮಾಡಲಾಯಿತು. ಬಾಂಬೆ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಸುಪ್ರೀಂ ಕೋರ್ಟ್ 2023ರ ಮೇ ತಿಂಗಳಲ್ಲಿ ಎಲ್ಲವನ್ನೂ ರದ್ದು ಮಾಡಿತು. ತರಾತುರಿಯಲ್ಲಿ ಅವರಿಗೆ ಉತ್ತರಿಸಲು ಸರಿಯಾದ ಅವಕಾಶ ಸಿಗಲಿಲ್ಲ, ಮತ್ತೆ ವಿಚಾರಣೆ ನಡೆಸಿ ಎಂದಿತು. ಆರೋಪ ನಿಜವೋ ಸುಳ್ಳೋ ಎಂದು ಕೋರ್ಟ್ ಹೇಳಲಿಲ್ಲ. ಹದಿನಾಲ್ಕು ವರ್ಷಗಳ ನಂತರ ಹಳೆಯ ದೂರು ಮತ್ತೆ ಮೊದಲ ಮೆಟ್ಟಿಲಿಗೆ ಬಂತು. ಆ ವಿದ್ಯಾರ್ಥಿನಿಯರನ್ನು ನೆನೆದರೆ ಹೊಟ್ಟೆ ಕಿವುಚುತ್ತದೆ. ಕೆಲವು ವಾರ ತಾಳ್ಮೆಯಿಂದ, ನಿಯಮದಂತೆ ನಡೆಸಿದ್ದರೆ ಅವರಿಗೆ ಗಟ್ಟಿಯಾದ ತೀರ್ಮಾನ ಸಿಗುತ್ತಿತ್ತು. ನಿಮ್ಮ ಮಗ ದೂರಿನ ಪ್ರತಿ ಕೇಳಿದರೆ, ಹತ್ತು ದಿನ ಕೇಳಿದರೆ, ಅದು ಆ ಹುಡುಗಿಯ ವಿರುದ್ಧದ ಕೆಲಸವಾಗುವುದಿಲ್ಲ ಎಂದು ನಾನು ನಂಬಿರುವುದು ಇದರಿಂದಲೇ.

ಮುಂದಿನದು ಬೇಗ ಹೇಳುತ್ತೇನೆ. ವಿಚಾರಣೆ ತೊಂಬತ್ತು ದಿನಗಳಲ್ಲಿ ಮುಗಿಯಬೇಕು, ವರದಿಯ ಪ್ರತಿ ಇಬ್ಬರಿಗೂ ಸಿಗಬೇಕು. ಕೋರ್ಟಿನಲ್ಲಿ ಬೇಕಾಗುವಷ್ಟು ಕಟ್ಟುನಿಟ್ಟಿನ ಪುರಾವೆ ಇಲ್ಲಿ ಬೇಕಿಲ್ಲ, ಎಲ್ಲವನ್ನೂ ತೂಗಿದಾಗ ಯಾವುದು ನಡೆದಿರುವ ಸಂಭವ ಹೆಚ್ಚು ಎಂದು ನೋಡುತ್ತಾರೆ. ವಿರುದ್ಧ ಬಂದರೆ ಮೂವತ್ತು ದಿನಗಳಲ್ಲಿ ಸಂಸ್ಥೆಯ ಮುಖ್ಯ ಅಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು. ಕ್ರಮ ಕೈಗೊಳ್ಳುವ ಮೊದಲು ಕಾರಣ ಕೇಳಿ ನೋಟಿಸು ಕೊಡಬೇಕು, ಅದಕ್ಕೆ ಹತ್ತು ದಿನ. ಅದರಾಚೆ ಹೈಕೋರ್ಟ್ ಇದೆ. ಆರೋಪ ಸಾಬೀತಾಗಲಿಲ್ಲ ಎಂದಾದರೆ ನಿಮ್ಮ ಮನೆಯಲ್ಲಿ ಯಾರೋ ‘ಸುಳ್ಳು ದೂರು ಕೊಟ್ಟವಳನ್ನು ಬಿಡಬಾರದು’ ಎನ್ನುತ್ತಾರೆ. ಸಾಬೀತಾಗದ ದೂರು ಸುಳ್ಳು ದೂರಲ್ಲ. ನಿಯಮವೇ ಹಾಗೆ ಹೇಳುತ್ತದೆ. ದುರುದ್ದೇಶವಿತ್ತೆಂದು ಬೇರೆಯಾಗಿ ಸಾಬೀತಾದರೆ ಮಾತ್ರ ಕ್ರಮ. ಆ ಮಾತನ್ನು ಮನೆಯಲ್ಲಿ ಬೆಳೆಯಲು ಬಿಡಬೇಡಿ.

ಕೊನೆಗೆ ನಿಮ್ಮ ನಿದ್ದೆ ಕೆಡಿಸಿದ ಪ್ರಶ್ನೆ. ‘ಮಾಡಿದ್ದೀಯಾ?’ ಎಂದು ತಾಯಿ ಕೇಳಿದರೆ ಮಗನ ಬಾಯಿಂದ ‘ಇಲ್ಲ’ ಬಿಟ್ಟು ಬೇರೆ ಉತ್ತರ ಬರುವುದು ಕಷ್ಟ. ಆ ಪ್ರಶ್ನೆ ಬಿಟ್ಟುಬಿಡಿ. ಅವನಿಗೆ ಊಟ ಬಡಿಸಿ, ಪಕ್ಕದಲ್ಲಿ ಕೂತು, ‘ಆ ಸಂಜೆ ಆರು ಗಂಟೆಯಿಂದ ಏನೇನಾಯಿತು ಹೇಳು’ ಎನ್ನಿ. ನಡುವೆ ಬಾಯಿ ಹಾಕಬೇಡಿ. ಅವಳು ಏನೆಂದಳು? ಸುಮ್ಮನಾದಾಗ ನೀನು ಏನು ಮಾಡಿದೆ? ಹೋಗಬೇಕೆಂದಾಗ ದಾರಿ ಬಿಟ್ಟೆಯಾ? ಅವನ ವಯಸ್ಸಿನ ಎಷ್ಟೋ ಹುಡುಗರಿಗೆ ಯಾರೂ ಈ ಪ್ರಶ್ನೆಗಳನ್ನು ಕೇಳಿಯೇ ಇರುವುದಿಲ್ಲ. ‘ಅಂಥದ್ದೇನೂ ಮಾಡಿಲ್ಲ’ ಎಂದು ಪ್ರಾಮಾಣಿಕವಾಗಿ ನಂಬಿದವನೇ, ಹೇಳುತ್ತಾ ಹೇಳುತ್ತಾ ಒಂದು ಜಾಗದಲ್ಲಿ ತಡವರಿಸಿ ನಿಲ್ಲುವುದನ್ನು ನೋಡಿದ್ದೇನೆ. ಅವನು ನಿಂತರೆ ನೀವೂ ಅಲ್ಲೇ ನಿಲ್ಲಿ. ಬೈಯಬೇಡಿ, ‘ಹೋಗಲಿ ಬಿಡು’ ಎಂದು ಸಮಾಧಾನವನ್ನೂ ಹೇಳಬೇಡಿ. ಮರುದಿನ ಅವನನ್ನು ವಕೀಲರ ಬಳಿಗೆ ಕರೆದೊಯ್ದು, ಅದೇ ಮಾತನ್ನು ಅವನೇ ಅವರಿಗೆ ಹೇಳುವಂತೆ ಮಾಡಿ. ತಪ್ಪು ಮಾಡಿದ್ದರೆ ಅದನ್ನು ಒಪ್ಪಿಕೊಳ್ಳಲು ಜೊತೆಗಿರುವುದೂ ಬೆಂಬಲವೇ. ಆಪ್ತಸಲಹೆಗೆ ಹಾಜರಾಗುವುದು, ಸಮುದಾಯ ಸೇವೆ ಇಂಥ ತಿದ್ದಿಕೊಳ್ಳುವ ಶಿಕ್ಷೆಗಳೂ ನಿಯಮದಲ್ಲಿವೆ, ತಪ್ಪು ಗಂಭೀರವಾದರೆ ಕಾಲೇಜಿನಿಂದ ಹೆಸರು ತೆಗೆಯುವುದೂ ಇದೆ. ಏನೂ ಮಾಡಿಲ್ಲವಾದರೆ ಅದೇ ಬಿಡಿಬಿಡಿ ವಿವರಗಳೇ ಅವನನ್ನು ಕಾಯುತ್ತವೆ. ಎರಡರಲ್ಲಿ ಯಾವುದು ಎಂದು ಡೊಂಬಿವಲಿಯಲ್ಲಿ ಕೂತು ನೀವು ಇಂದು ರಾತ್ರಿ ತೀರ್ಮಾನಿಸಬೇಕಿಲ್ಲ.

ಇ-ಮೇಲ್ ಈ ರಾತ್ರಿಯೇ ಹೋಗಲಿ, ಕಳಿಸಿದ್ದರ ಒಂದು ಅಚ್ಚುಪ್ರತಿ ನೋಟ್‌ಬುಕ್ಕಿನಲ್ಲಿರಲಿ. ಗುರುವಾರ ಸಭೆ ಮುಗಿಯುವವರೆಗೆ ನೀವು ಹೊರಗೆ ಬೆಂಚಿನ ಮೇಲೆ ಇರಿ. ಮಧ್ಯಾಹ್ನದ ಮೇಲೆ ನಾನು ಮನೆಯಲ್ಲೇ ಇರುತ್ತೇನೆ, ಫೋನ್ ಮಾಡಿ.